ಕೊಂಡಿ ಹಾಕಿಕೊಂಡ ಬೀಗತಿಯರು

ಕ್ರಿಯಾಪದಕ್ಕೆ ಒಂದು ಬಾಲವಿರುತ್ತದೆ. ಆ ಬಾಲವನ್ನು ಕತ್ತರಿಸದೆ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟಿಸುವ ಯಂತ್ರವೊಂದು ಇದ್ದರೆ? ಈ ಪ್ರಶ್ನೆಯ ಹಿಂದೆ ನಾನೂ ಕಿನ್‌ನೂ ಮದುವೆಗಿಂತ ಮೊದಲೇ ಬಿದ್ದಿದ್ದೆವು. ಮದುವೆ ಆಮೇಲೆ ಆದದ್ದು, ಅದೂ ಈ ಪ್ರಶ್ನೆಯ ದೆಸೆಯಿಂದ.

ಹಾಂಗ್‌ಕಾಂಗಿನಲ್ಲಿ ಆ ಹೊತ್ತಿಗೆ ಅನುವಾದದ ಮಣಿ ಇಲ್ಲದ ಕಿವಿಯೇ ಇರಲಿಲ್ಲ. ಆದರೆ ಎಲ್ಲ ಮಣಿಗಳ ದಾರಿಯೂ ಇಂಗ್ಲಿಷಿನ ಮೇಲೇ ಹಾದು ಬರುತ್ತಿತ್ತು. ಕ್ಯಾಂಟನೀಸ್ ಮಾತು ಮೊದಲು ಇಂಗ್ಲಿಷಾಗಿ, ಆಮೇಲೆ ಕನ್ನಡವಾಗುವಷ್ಟರಲ್ಲಿ ಬಾಲ ಅಲ್ಲೆಲ್ಲೋ ಉದುರಿ ಹೋಗಿರುತ್ತಿತ್ತು. ಮೊದಲ ಸಲ ಕಿನ್‌ನ ಮನೆಗೆ ಊಟಕ್ಕೆ ಹೋದಾಗ ಅವನ ತಾಯಿ ತಟ್ಟೆಯಲ್ಲಿ ಉಳಿದ ಕೊನೆಯ ಅಣಬೆಯನ್ನು ತೋರಿಸಿ 'ಸಿಕ್-ಮಾಯ್' ಎಂದರು. ನನ್ನ ಕಿವಿಯ ಮಣಿ 'ತಿನ್ನು' ಎಂದಿತು. ನಾಯಿಗೆ ಹೇಳಿದ ಹಾಗೆ! ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಬೀದಿಗೆ ಇಳಿದದ್ದೇ ಕಿನ್‌ನೊಡನೆ ಜಗಳ ತೆಗೆದೆ. ಅವನು ನಕ್ಕ. "ಮಾಯ್ ಅನ್ನೋದನ್ನ ನಿನ್ನ ಮಣಿ ನುಂಗಿಹಾಕಿದೆ. ಅಮ್ಮ ಹೇಳಿದ್ದು, ಇಷ್ಟು ತಿಂದಿದ್ದೀಯ, ಇದೊಂದನ್ನೂ ಸೇರಿಸಿ ತಿಂದುಬಿಡು ಅಂತ" ಎಂದ.

ತಿಂದುಬಿಡು! ನಾನು ಭಾಷಾಶಾಸ್ತ್ರದವಳು, ಆದರೂ ಆ ಕ್ಷಣದವರೆಗೆ ಇದು ನನಗೆ ಹೊಳೆದಿರಲಿಲ್ಲ. ಅವರ ಭಾಷೆಯಲ್ಲಿ 'ಸಿಕ್' ಎಂದರೆ ತಿನ್ನು. ಹಿಂದೆ 'ಜೊ' ಬಂದರೆ ತಿಂದಾಯಿತು, 'ಗನ್' ಬಂದರೆ ಇನ್ನೂ ತಿನ್ನುತ್ತಿದ್ದಾರೆ, 'ಗ್ವೊ' ಬಂದರೆ ಹಿಂದೆಂದೋ ತಿಂದು ರುಚಿ ಗೊತ್ತು, 'ಸಾಯ್' ಬಂದರೆ ಒಂದನ್ನೂ ಉಳಿಸದೆ ತಿಂದುಹಾಕಿದರು. ಒಂದೊಂದೂ ಒಂದೇ ಉಸಿರಿನ ತುಣುಕು. ಇಂಗ್ಲಿಷಿಗೆ ಇವುಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಬೇಡ, ನಮ್ಮ ಕನ್ನಡಕ್ಕೇನು ಬಾಲಗಳ ಬರವೇ? ಬಿಡು, ಕೊಡು, ಕೊಳ್ಳು, ಹಾಕು, ಇಡು, ಹೋಗು ಎಂದು ಸಾಲಾಗಿ ನಿಂತಿವೆ. ಬಡವರ ಮನೆಯಿಂದ ಬಡವರ ಮನೆಗೆ ಕೈಬದಲು ಆಗುವ ಸಾಮಾನು ಸಾಹುಕಾರನ ಅಂಗಡಿಯ ಮೂಲಕ ಯಾಕೆ ಹೋಗಬೇಕು?

ಹೀಗೆ ಹುಟ್ಟಿದ್ದು ಕೊಂಡಿ. ಕಿವಿಯ ಹಿಂದೆ ಅಂಟಿಕೊಳ್ಳುವ, ಹುಣಸೆಬೀಜದಷ್ಟು ಗಾತ್ರದ ವಸ್ತು. ಅದು ಮಾತಿನ ಜೊತೆಗೆ ಗಂಟಲಿನ ಬಿಗಿತವನ್ನೂ ಉಸಿರನ್ನೂ ಓದುತ್ತದೆ. ಕೆಲಸ ಮುಗಿದಿದೆಯೇ, ನಡೆದಿದೆಯೇ, ಯಾರ ಸಲುವಾಗಿ, ಖುಷಿಯಿಂದಲೋ ಕರ್ಮವೆಂದೋ ಎಂದು ತೂಗಿ, ಆಮೇಲೆ ಎದುರು ಭಾಷೆಯಲ್ಲಿ ಅಷ್ಟೇ ತೂಕದ ಬಾಲವನ್ನು ಹುಡುಕಿ, ಮಾತನಾಡಿದವರ ದನಿಯಲ್ಲೇ ಹೇಳುತ್ತದೆ. ಒಂದೇ ಒಂದು ಕಡೆ ನಾವು ಸೋತಿದ್ದೆವು. 'ಫಾನ್' ಎಂಬ ಬಾಲ. ಬಿಟ್ಟುಹೋದದ್ದು ಮೊದಲಿನ ನೆಲೆಗೆ ಬಂದು ಸೇರುವುದು ಎಂದು ಅದರ ಭಾವ. ಕಾಯಿಲೆ ಬಿದ್ದವರು ಗುಣವಾದರೆ 'ಹೌ-ಫಾನ್' ಎನ್ನುತ್ತಾರೆ. ಕೊಂಡಿ ಅದಕ್ಕೆ 'ಪುನಃ' ಎನ್ನುತ್ತಿತ್ತು. ಪುನಃ ಎಂದರೆ ಕಾಯಿಲೆಯೇ ಪುನಃ ಬಂದ ಹಾಗೆ ಕೇಳುತ್ತಿತ್ತು.

ಪ್ರಯೋಗಾಲಯದ ನಿಯಂತ್ರಣ ಕೋಣೆಯಲ್ಲಿ ಗೋಡೆಯಗಲ ಪರದೆ. ಜನರ ಮಾತು ನಮಗೆ ಬರುತ್ತಿರಲಿಲ್ಲ, ಬರಲೂಬಾರದು. ಬಾಲಗಳ ಎಣಿಕೆ ಮತ್ತು ಒಂದು ಜೋಡಿಗೆ ಎರಡು ಗೆರೆ, ಇಷ್ಟೇ. ನೀಲಿಯದು ಹೇಳಿದವರ ಮನಸ್ಸು, ಕೆಂಪಿನದು ಕೇಳಿದವರಿಗೆ ತಲುಪಿದ್ದು. ಎರಡೂ ಹತ್ತಿರ ಹತ್ತಿರ ಓಡಿದರೆ ಯಂತ್ರ ಗೆದ್ದ ಹಾಗೆ. ಆದರೆ ಸಂಬಳ ಕೊಟ್ಟು ಕೂರಿಸಿದ ಜೋಡಿಗಳು ಬಸ್ಸಿನ ಬಗ್ಗೆ, ಹವೆಯ ಬಗ್ಗೆ ಮಾತಾಡಿ ಎದ್ದು ಹೋಗುತ್ತಿದ್ದವು. ಒಂದೇ ಸೂರಿನಡಿ ಇದ್ದು, ಒಂದೇ ಒಲೆಗಾಗಿ ಕಿತ್ತಾಡುವ ಜೋಡಿ ಬೇಕಿತ್ತು.

ತುಂಬು ಬಸುರಿಯಾಗಿ ಆ ಪರದೆಯ ಮುಂದೆ ಕೂತಿದ್ದ ನನ್ನ ಹೊಟ್ಟೆಯನ್ನು ಕಿನ್ ದಿಟ್ಟಿಸಿ ನೋಡಿದ. "ನಿನ್ನ ಚಿಗವ್ವ ಬರ್ತಾರಲ್ಲ?" ಎಂದ.

ನನ್ನ ತಾಯಿ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಳು. ಅವಳ ತಂಗಿ ಸಂಗವ್ವ, ನನ್ನ ಚಿಗವ್ವ, ನರೇಗಲ್ಲಿನ ಮನೆಯಲ್ಲಿ ನನ್ನನ್ನು ಸಾಕಿದಳು. ಓಣಿಯ ಹೆಣ್ಣುಮಕ್ಕಳೆಲ್ಲರ ಬಾಣಂತನ ಮಾಡಿದ ಕೈ ಅವಳದು. "ನಿಂದೊಂದು ಮಾಡಿಬಿಟ್ರ ನಾ ಗೆದ್ದೆ" ಎನ್ನುತ್ತಿದ್ದಳು. ಹೆರಿಗೆಗೆ ನಾನು ಹೆದರಿರಲಿಲ್ಲ. ಆ ಒಂದು ತಿಂಗಳು ಅವಳು ನನ್ನ ಪಕ್ಕದಲ್ಲಿರಬೇಕು, ಅಷ್ಟೇ ನನ್ನ ಆಸೆ. ನನಗೆ ಬೇರೇನೂ ಬೇಕಿರಲಿಲ್ಲ.

ಚಿಗವ್ವ ಬಂದಳು. ಅಂಟಿನುಂಡೆ, ಅಳವಿ, ಬಜೆ, ಜೋಳದ ಹಿಟ್ಟು, ಲೋಬಾನದ ಪೊಟ್ಟಣಗಳನ್ನು ವಿಮಾನ ನಿಲ್ದಾಣದವರ ಮುಂದೆ ಒಂದೊಂದಾಗಿ ಬಿಚ್ಚಿ, ಮೂಸಿಸಿ, ಕೊನೆಗೆ ಒಂದು ಉಂಡೆಯನ್ನು ಅವರ ಕೈಗೂ ಕೊಟ್ಟು ಬಂದಳಂತೆ. ಮನೆಯಲ್ಲಿ ನನ್ನ ಅತ್ತೆ ಕಾದು ನಿಂತಿದ್ದರು. ಗಂಡನ ತಾಯಿಯನ್ನು ಇಲ್ಲಿ 'ನಾಯ್ನಾಯ್' ಎನ್ನುತ್ತಾರೆ. ನಾಯ್ನಾಯ್ ಮೊದಲು ಚಹಾದಂಗಡಿ ನಡೆಸಿದವರು, ಗಿರಾಕಿಗಳನ್ನು ಗದರಿಸಿ ತಿನ್ನಿಸಿದ ಬಾಯಿ. ಬೀಗತಿ ಮಾಂಸ ಮುಟ್ಟುವುದಿಲ್ಲ ಎಂದು ತಿಳಿದು ಹೊಸ ಬಾಣಲೆ ತಂದು, ಅದಕ್ಕೆ ಕೆಂಪು ದಾರ ಕಟ್ಟಿ ಇಟ್ಟಿದ್ದರು.

ಕೊಂಡಿ ಹಾಕಿಕೊಂಡ ಚಿಗವ್ವ ನಾಯ್ನಾಯ್‌ರ ಮೊದಲ ಮಾತಿಗೇ ಹುಬ್ಬೇರಿಸಿದಳು. "ಯವ್ವಾ ಮುಕ್ತಾ, ನಿಮ್ಮತ್ತಿ ಏನ್ ರೇಡಿಯೋದಾಗ ವಾರ್ತೆ ಓದಿದಂಗ ಮಾತಾಡ್ತಾಳ?"

"ಅದು ಪುಸ್ತಕದ ಕನ್ನಡ, ಚಿಗವ್ವಾ. ನೀ ಮಾತಾಡಿದಂಗ ಅದೂ ಕಲೀತೈತಿ."

ಕೂಸು ಹುಟ್ಟಿತು, ಹೆಣ್ಣು. ಮನೆಗೆ ಬಂದ ದಿನವೇ ಇಬ್ಬರೂ ನನ್ನ ಕೋಣೆಯ ಕಿಟಕಿಗೆ ಎರಡು ಕಡೆಯಿಂದ ಕೈ ಹಾಕಿ ಒಟ್ಟಿಗೇ ಮುಚ್ಚಿದರು. ಬಾಣಂತಿಗೆ ಗಾಳಿ ತಾಗಬಾರದು, ತಣ್ಣೀರು ಮುಟ್ಟಬಾರದು, ತಲೆಗೆ ಬಟ್ಟೆ ಕಟ್ಟಬೇಕು, ಶುಂಠಿ ತಿನ್ನಬೇಕು. ಗದಗ ಜಿಲ್ಲೆಗೂ ಹಾಂಗ್‌ಕಾಂಗಿಗೂ ನಡುವೆ ಸಮುದ್ರವೇ ಇರಲಿ, ಬಾಣಂತಿಯನ್ನು ಬೇಯಿಸುವ ವಿಷಯದಲ್ಲಿ ಎರಡೂ ಊರಿನ ಅಜ್ಜಿಯರು ಒಂದೇ ಶಾಲೆಯವರು. ಸ್ನಾನದಲ್ಲಿ ಮಾತ್ರ ತಕರಾರು. ಚಿಗವ್ವನ ಪ್ರಕಾರ ದಿನಾ ಸುಡುನೀರು ಹೊಯ್ಯಬೇಕು. ನಾಯ್ನಾಯ್ ಪ್ರಕಾರ ತಿಂಗಳು ಪೂರ್ತಿ ತಲೆ ನೆನೆಯಬಾರದು. ಕೊಂಡಿಯ ಮೂಲಕ ಒಂದು ಬೆಳಗ್ಗೆಯೆಲ್ಲ ವಾದವಾಡಿ, ತಲೆ ಅವರಿಗೆ, ಮೈ ಇವಳಿಗೆ ಎಂದು ನನ್ನನ್ನು ಪಾಲು ಮಾಡಿಕೊಂಡರು. ನಾಯ್ನಾಯ್ ಶುಂಠಿಸಿಪ್ಪೆ ಹಾಕಿ ನೀರು ಕುದಿಸುವುದು, ಚಿಗವ್ವ ಹೊಯ್ಯುವುದು.

"ಹೆದರಬ್ಯಾಡ್ರಿ ಬೀಗತೇರ. ಇಷ್ಟ್ ನೀರ್ ಬಿದ್ರ ಮೈ ಹೊಳ್ಳಿ ಬರ್ತೈತಿ" ಎಂದು ಚಿಗವ್ವ ಹೇಳಿದರೆ ನಾಯ್ನಾಯ್ ತಲೆಯಾಡಿಸುತ್ತಿದ್ದರು. ನಾನು ಹಬೆಯಲ್ಲಿ ಕೂತು, ಚರ್ಮ ಕೆಂಪಾಗಿ, ಇಷ್ಟು ಸುಖ ಯಾರಿಗಿದೆ ಎಂದುಕೊಳ್ಳುತ್ತಿದ್ದೆ.

ಸುಖಕ್ಕೆ ಕಣ್ಣು ಬಿದ್ದದ್ದು ಊಟದ ಮೇಜಿನಲ್ಲಿ. ಮೊದಲ ದಿನಗಳಲ್ಲಿ ಚಿಗವ್ವ ನನ್ನ ಕೋಣೆಯಲ್ಲೇ ಉಣ್ಣುತ್ತಿದ್ದಳು. ಅಂದು ನಾಯ್ನಾಯ್ ಹಟ ಮಾಡಿ ಅವಳನ್ನು ಮೇಜಿಗೆ ಕರೆದರು, ನನ್ನನ್ನೂ ಶಾಲು ಹೊದಿಸಿ ಕೂರಿಸಿದರು. ಕೆಂಪು ದಾರದ ಬಾಣಲೆಯಲ್ಲಿ ತೋಫು, ಅಣಬೆ, ಕಮಲದ ಬೇರು. ಇಲ್ಲಿ ಹಿರಿಯರು ಪ್ರೀತಿ ತೋರಿಸುವ ರೀತಿ ಒಂದಿದೆ. ಎಲ್ಲಕ್ಕಿಂತ ಒಳ್ಳೆಯ ಚೂರನ್ನು ಆರಿಸಿ, ತಾವು ಉಣ್ಣುತ್ತಿರುವ ಕಡ್ಡಿಗಳಿಂದಲೇ ಎತ್ತಿ ಎದುರಿನವರ ಬಟ್ಟಲಿಗೆ ಇಡುತ್ತಾರೆ. ನಾಯ್ನಾಯ್ ತಮ್ಮ ಕಡ್ಡಿಗಳನ್ನು ಬಾಯಿಂದ ತೆಗೆದು, ದಪ್ಪನೆಯ ಅಣಬೆಯೊಂದನ್ನು ಹಿಡಿದು, ಚಿಗವ್ವನ ಅನ್ನದ ಮೇಲೆ ಇಟ್ಟರು. "ಸಿಕ್-ಮಾಯ್" ಎಂದರು. ಕೊಂಡಿ ತಪ್ಪಲಿಲ್ಲ. 'ಇದನ್ನೂ ತಿಂದುಬಿಡಿ' ಎಂದೇ ಹೇಳಿತು.

ಚಿಗವ್ವನ ಕೈ ನಿಂತಿತು. ಬಾಯಿಗೆ ತಾಗಿದ ಕಡ್ಡಿ, ಅದೇ ಕಡ್ಡಿ ತನ್ನ ಅನ್ನಕ್ಕೆ. ಎಂಜಲು! ಬಟ್ಟಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, "ನನಗ ಸಾಕ್ರಿ" ಎಂದು ಎದ್ದಳು. ಅವಳು ಇನ್ನೂ ಒಂದೆರಡು ತುತ್ತಷ್ಟೇ ಉಂಡಿದ್ದಳು. ನಾಯ್ನಾಯ್ ಆ ಬಟ್ಟಲನ್ನೇ ನೋಡುತ್ತ ಕೂತರು. ತಮ್ಮ ಅಂಗಡಿಯಲ್ಲಿ ಯಾರೂ ಬಟ್ಟಲು ದೂಡಿ ಎದ್ದಿರಲಿಲ್ಲ. ಸಂಜೆಯ ಹೊತ್ತಿಗೆ ಎರಡು ಕೊಂಡಿಗಳೂ ಟಿವಿಯ ಪಕ್ಕದ ತಟ್ಟೆಯಲ್ಲಿ ಬಿದ್ದಿದ್ದವು.

ಮಾರನೆಯ ದಿನ ಕಿನ್ ಪ್ರಯೋಗಾಲಯದಿಂದ ಫೋನ್ ಮಾಡಿ ಪರದೆಯನ್ನು ತೋರಿಸಿದ. ನೀಲಿ, ಕೆಂಪು ಎರಡೂ ಗೆರೆ ಸತ್ತ ಹಾವಿನಂತೆ ಮಲಗಿದ್ದವು. "ಯಂತ್ರ ಸರಿಯಾಗೇ ಹೇಳಿತ್ತು, ಮುಕ್ತಾ. ಅಮ್ಮನ ಪ್ರೀತಿ ಅಷ್ಟೂ ದಾಟಿತ್ತು. ನೋಡು, ಆ ಊಟದ ಹೊತ್ತಿನಲ್ಲಿ ಗೆರೆಗಳು ಒಂದರ ಮೇಲೊಂದು ಇವೆ. ಹಾಗಾದರೆ ಏನಾಯ್ತು?"

ನಾನು ಎಂಜಲು ಎಂದರೇನೆಂದು ವಿವರಿಸಿದೆ. "ಇದನ್ನು ಯಾವ ಬಾಲಕ್ಕೆ ಕಟ್ಟೋದು?" ಎಂದ.

"ಯಾವ ಬಾಲಕ್ಕೂ ಅಲ್ಲ. ಇದು ಮಾತೇ ಅಲ್ಲ, ಕಿನ್."

ಅವನಿಗೆ ಇನ್ನೊಂದು ಸುದ್ದಿಯೂ ಇತ್ತು. ಕೊಂಡಿ ತಾನಾಗಿಯೇ 'ಫಾನ್'ಗೆ ಜೋಡಿ ಹುಡುಕಿಕೊಂಡಿತ್ತು. "ಹೊಳ್ಳಿ ಅಂತ ಏನೋ. ನಿನ್ನ ಚಿಗವ್ವನಿಂದ ಎತ್ತಿಕೊಂಡಿದೆ. ಈಗ ಪೂರ್ತಿ ನಿಮ್ಮ ಊರಿನ ಮಾತಿಗೇ ತಿರುಗಿಸಿಬಿಟ್ಟಿದ್ದೇನೆ" ಎಂದ. ಹೊಳ್ಳಿ ಎಂದರೆ ಮರಳಿ, ಎರಡು ವರ್ಷ ನಾನು ಹುಡುಕಿದ ಪದ. ನಾನೇ ಸಣ್ಣವಳಿದ್ದಾಗ 'ಹೊಳ್ಳಿ ಬಾ' ಎಂದು ಕೂಗಿದರೆ ಓಡಿ ಬರುತ್ತಿದ್ದವಳು! ಬೇರೆ ದಿನವಾಗಿದ್ದರೆ ಕುಣಿಯುತ್ತಿದ್ದೆ. ಅಂದು ಆ ಖುಷಿ ಗಂಟಲಿನಿಂದ ಕೆಳಗಿಳಿಯಲಿಲ್ಲ. ಕೊಂಡಿ ಎಷ್ಟು ಜಾಣವಾದರೇನು, ಹಾಕಿಕೊಳ್ಳುವವರು ಬೇಕಲ್ಲ?

ಚಿಗವ್ವ ಕೂಸಿಗೆ ಎಣ್ಣೆ ಹಚ್ಚುತ್ತ ಹೇಳಿದಳು: "ನನ್ನ ಊರಿಗೆ ಕಳಿಸಿಬಿಡು, ಮುಕ್ತಾ. ಉಣ್ಣಾಕ ಕರದವರ ಮುಂದ ತಾಟ ದೂಡಿ ಎದ್ದಾಕಿ ನಾ. ಹ್ಯಾಂಗ ಮಾರಿ ತೋರಸ್ಲಿ?"

"ಅದು ಅವರ ಪ್ರೀತಿ, ಚಿಗವ್ವಾ."

"ಗೊತ್ತೈತವಾ. ನಮ್ಮ ಸ್ವಾಮಿಗೋಳೂ ಹೇಳ್ತಾರ, ಕೊರಳಾಗ ಲಿಂಗ ಕಟ್ಟಿಕೊಂಡ ಮ್ಯಾಲೆ ಎಂಜಲ ಸೂತಕ ಇಲ್ಲ ಅಂತ. ನಾನೂ ಹೂಂ ಹೂಂ ಅಂತ ತಲಿ ಅಲ್ಲಾಡಿಸೀನಿ. ಹೇಳೂದು ಬ್ಯಾರೆ, ನುಂಗೂದು ಬ್ಯಾರೆ. ತಲಿಗೆ ಗೊತ್ತೈತಿ, ಗಂಟಲಕ್ಕ ಗೊತ್ತಾಗವಲ್ದು."

ನಾನು ಅತ್ತೆ. ಬಾಣಂತಿ ಅಳಬಾರದು ಎಂದು ಬೈದು, ಅವಳೂ ಅತ್ತಳು. ಇನ್ನು ನಾಯ್ನಾಯ್ ಬಳಿಗೆ ಹೋಗಿ ಏನೆಂದು ಹೇಳುವುದು? ನಿಮ್ಮ ಬಾಯಿ ತಾಗಿದ್ದು ಅವಳಿಗೆ ಹೇಸಿಗೆ ಎಂದೇ? ನನಗೆ ಆ ಭಾಷೆ ಚೆನ್ನಾಗಿ ಬರುತ್ತದೆ, ಆದರೆ ಆ ಮಾತು ಬರಲಿಲ್ಲ. ಹೇಡಿಯಂತೆ ಕಿನ್‌ನನ್ನೇ ಮುಂದೆ ದೂಡಿದೆ. ನೀನೇ ನಿನ್ನ ಅಮ್ಮನಿಗೆ ಹೇಳು ಎಂದೆ. ಹೇಳಿದನೋ ಇಲ್ಲವೋ ಕೇಳುವ ಧೈರ್ಯವೂ ಆಗಲಿಲ್ಲ. ಚಿಗವ್ವನ ಟಿಕೆಟ್ ಆಯಿತು.

ಹೊರಡುವ ಹಿಂದಿನ ದಿನ ಅವಳು ಸಾಮಾನು ಕಟ್ಟಿಟ್ಟು, "ಕಡೀಕ ಒಂದ್ಸಲ ಹೊಗಿ ಹಾಕಿಬಿಡ್ತೀನಿ" ಎಂದಳು. ಅಲ್ಲಿಯವರೆಗೆ ನಾನು ತಡೆಯುತ್ತ ಬಂದಿದ್ದೆ. ಆ ದಿನ ಬೇಡವೆನ್ನಲು ಮನಸ್ಸು ಬರಲಿಲ್ಲ. ಅಡುಗೆಮನೆಯಿಂದ ಕೆಂಡ ಮಾಡಿ ತಂದು, ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ, ನನ್ನನ್ನೂ ಕೂಸನ್ನೂ ಸೀರೆಯಲ್ಲಿ ಮುಚ್ಚಿ ಹೊಗೆ ಹಿಡಿದಳು. ನರೇಗಲ್ಲಿನ ಹೆಂಚಿನ ಮನೆಗೆ ಸರಿ. ಇದು ನಲವತ್ತು ಅಂತಸ್ತಿನ ಕಟ್ಟಡ, ಇಲ್ಲಿನ ಗೋಡೆಗಳಿಗೂ ಹೊಗೆ ಮೂಸುವ ಮೂಗಿದೆ. ಮೊದಲು ನಮ್ಮ ಕೋಣೆ ಕಿರುಚಿತು, ಆಮೇಲೆ ಓಣಿಯಂಥ ಕಾರಿಡಾರು ಕಿರುಚಿತು, ಆಮೇಲೆ ಇಡೀ ಕಟ್ಟಡ.

ಚಿಗವ್ವ ಕಂಗಾಲಾದಳು. ಏನು ಅನಾಹುತವೆಂದು ತಿಳಿಯಲು ಓಡಿಹೋಗಿ ತಟ್ಟೆಯಲ್ಲಿದ್ದ ಕೊಂಡಿಯನ್ನು ಕಿವಿಗೆ ಅಂಟಿಸಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಕಾವಲುಗಾರ, ಅವನ ಹಿಂದೆ ಅಕ್ಕಪಕ್ಕದ ಮನೆಯವರು. "ಬೆಂಕಿ ಹಚ್ಚಿದ್ದು ಯಾರು? ಹೊರಗಿನಿಂದ ಬಂದವರಾದರೆ ಕಟ್ಟಡದಲ್ಲಿ ಉಳಿಯಲು ಬಿಡುವಂತಿಲ್ಲ, ಈಗಲೇ ಹೆಸರು ಹೇಳಿ" ಎಂದು ಕೂಗಿದ. ಹೇಗೂ ನಾಳೆ ಹೋಗುವವಳು. ಆದರೆ ಅವಮಾನವನ್ನು ಹೊತ್ತು ಹೋಗುವುದು ಬೇರೆಯಲ್ಲವೇ? ನಾನು ಕೂಸನ್ನು ಎತ್ತಿಕೊಂಡು ಏಳುವಷ್ಟರಲ್ಲಿ ನಾಯ್ನಾಯ್ ಸೊಂಟಕ್ಕೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಾಗಿತ್ತು.

ಅವರು ಹೇಳಿದ್ದನ್ನು ನಾನು ಅವರ ಭಾಷೆಯಲ್ಲೇ ಕೇಳಿದೆ. ಚಿಗವ್ವನಿಗೆ ಕೊಂಡಿ ಅದನ್ನು ಹೀಗೆ ಹೇಳಿತ್ತಂತೆ, ಅವಳು ಅಕ್ಷರ ಬಿಡದೆ ಇವತ್ತಿಗೂ ಒಪ್ಪಿಸುತ್ತಾಳೆ:

"ನಾನ ಹಾಕಿಸೀನಿ ಹೊಗಿ. ಏನೀಗ? ಸೊಸಿ ಮೈ ಹೊಳ್ಳಿ ಬರಲಿ ಅಂತ ಹಾಕಿಸೀನಿ. ಅಕಿಗೆ ಹಡದ ತಾಯಿ ಇಲ್ಲ. ನನ್ನ ಬೀಗತಿ ಸಮುದ್ರ ದಾಟಿ ಬಂದು ಮಾಡಿಕೊಡಾಕತ್ತಾಳ. ಹೆಸರು ಬೇಕೇನು? ನನ್ನ ಹೆಸರು ಬರಕೊ. ದನಿ ಸಣ್ಣ ಮಾಡು, ಕೂಸು ಬೆಚ್ಚಿಬೀಳ್ತೈತಿ."

ಚಹಾದಂಗಡಿಯ ಆ ಬಾಯಿಗೆ ಎದುರಾಡಿದವರು ಇನ್ನೂ ಹುಟ್ಟಬೇಕು. ಕಾವಲುಗಾರ ಅವರ ಹೆಸರು ಬರೆದುಕೊಂಡು, ಕೆಂಡಕ್ಕೆ ನೀರು ಹಾಕಿಸಿ ಹೋದ. ಅಕ್ಕಪಕ್ಕದವರು ಕೂಸಿನ ಮುಖ ನೋಡಿ ನಕ್ಕು ಹೋದರು. ಕಟ್ಟಡ ಸುಮ್ಮನಾಯಿತು. ಒದ್ದೆ ಕೆಂಡದ ಬೋಗುಣಿ ಹಿಡಿದು ನಿಂತಿದ್ದ ಚಿಗವ್ವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹೊಗೆಯದೇ ಎಂದು ಅವಳು ಈಗಲೂ ವಾದಿಸುತ್ತಾಳೆ.

"ತಾಟ ದೂಡಿದಾಕಿ ನಾ, ನನ್ನ ತಪ್ಪು ನಿಮ್ಮತ್ತಿ ತನ್ನ ತಲಿ ಮ್ಯಾಲೆ ಹೊತ್ಕೊಂಡ್ಳಲ್ಲ" ಎಂದಳು ನನಗೆ.

ಮಧ್ಯಾಹ್ನ ಅವಳು ತಾನಾಗಿಯೇ ಬಂದು ಮೇಜಿಗೆ ಕೂತಳು. ನಾಯ್ನಾಯ್ ತಮ್ಮ ಕೊಂಡಿಯನ್ನೂ ಹಾಕಿಕೊಂಡರು. ಅದೇ ಕೆಂಪು ದಾರದ ಬಾಣಲೆ, ಅದೇ ಅಣಬೆ. ಆದರೆ ಮೇಜಿನ ಮೇಲೆ ಹೊಸದೊಂದು ಜೋಡಿ ಕಡ್ಡಿಗಳಿದ್ದವು, ಉಳಿದವಕ್ಕಿಂತ ಉದ್ದ, ಬಡಿಸಲೆಂದೇ ಇರುವಂಥವು. ಅವಕ್ಕೂ ಒಂದು ಕೆಂಪು ದಾರ. ಕಿನ್ ಹೇಳಿದ್ದ ಎಂದು ಆಗ ತಿಳಿಯಿತು. ನಾಯ್ನಾಯ್ ಸಿಟ್ಟಾಗಿರಲಿಲ್ಲ, ಅಂಗಡಿಗೆ ಹೋಗಿ ಕಡ್ಡಿ ತಂದಿದ್ದರು. ಮುಟ್ಟಿದರೆ ಮುನಿ ಎಂಬಂತೆ ಹಿಂಜರಿಯುತ್ತ, ತಮ್ಮ ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಹೊಸ ಕಡ್ಡಿಗಳಿಂದ ಒಂದು ಅಣಬೆಯನ್ನು ಎತ್ತಿದರು.

ಚಿಗವ್ವ ಬಟ್ಟಲಿನ ಮೇಲೆ ಅಂಗೈ ಅಡ್ಡ ಹಿಡಿದಳು. ನಾಯ್ನಾಯ್‌ರ ಕೈ ಗಾಳಿಯಲ್ಲಿ ನಿಂತಿತು.

"ಅವು ಬ್ಯಾಡ್ರಿ ಬೀಗತೇರ" ಎಂದಳು ಚಿಗವ್ವ. "ನಿಮ್ಮ ಕೋಲಿಂದನ ಹಾಕಿಬಿಡ್ರಿ."

ಕೊಂಡಿ ಅದನ್ನು ಏನೆಂದು ಹೇಳಿತೋ, ನಾಯ್ನಾಯ್‌ರ ಮುಖ ಅರಳಿತು. ಉದ್ದನೆಯ ಕಡ್ಡಿಗಳನ್ನು ಕೆಳಗಿಟ್ಟು, ತಮ್ಮ ಕಡ್ಡಿಗಳನ್ನು ತೆಗೆದುಕೊಂಡು, ಆ ಅಣಬೆಯನ್ನು ಬಿಟ್ಟು ಅದಕ್ಕಿಂತ ದೊಡ್ಡದನ್ನು ಆರಿಸಿ ಇಟ್ಟರು. ಚಿಗವ್ವ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, ಕಣ್ಣು ಮುಚ್ಚಿ, ಬಾಯಿಗೆ ಹಾಕಿಕೊಂಡಳು. ಅಗಿದಳು. ಅಗಿಯುತ್ತಲೇ ಇದ್ದಳು.

"ಗಂಟಲಕ್ಕ ಗೊತ್ತಾತೇನು, ಚಿಗವ್ವಾ?" ಎಂದೆ.

"ಗೊತ್ತಾಗಾಕತ್ತೈತಿ, ತಡಿ" ಎಂದು ನುಂಗಿದಳು. ಆಮೇಲೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ, ತನ್ನದೇ ಬಟ್ಟಲಲ್ಲಿ ಕಲಸಿ, ಒಂದು ತುತ್ತು ಮಾಡಿ ನಾಯ್ನಾಯ್‌ರ ಅಂಗೈ ಮೇಲಿಟ್ಟಳು. ಕಡ್ಡಿ ಬಿಟ್ಟು ಕೈಯಿಂದ ಉಣ್ಣದ ನಾಯ್ನಾಯ್ ಆ ತುತ್ತನ್ನು ಎರಡು ಕಡೆ ತಿರುಗಿಸಿ ನೋಡಿ, ಪೂರ್ತಿಯಾಗಿ ಬಾಯಿಗೆ ಒತ್ತಿಕೊಂಡರು. ಮೂಗಿಗೂ ಸ್ವಲ್ಪ ಅಂಟಿತು.

ಅಷ್ಟರಲ್ಲಿ ಫೋನ್ ಬಂತು. ಕಿನ್‌ನ ದನಿಯಲ್ಲಿ ಗಾಬರಿ. "ಮುಕ್ತಾ, ಇಷ್ಟು ಹೊತ್ತು ಗೆರೆಗಳು ಎಷ್ಟು ಚೆನ್ನಾಗಿ ಓಡುತ್ತಿದ್ದವು. ಈಗ ಎರಡೂ ಮತ್ತೆ ಮಲಗಿಬಿಟ್ಟಿವೆ. ಏನಾಯ್ತು, ಮತ್ತೆ ಜಗಳವೇ?"

ಟಿಕೆಟ್ ಹರಿದುಹಾಕು ಎಂದು ಹೇಳಬೇಕಿತ್ತು. ಅದನ್ನು ಆಮೇಲೆ ಹೇಳಿದೆ.

"ಇಲ್ಲ, ಕಿನ್" ಎಂದೆ. "ಇಬ್ಬರ ಬಾಯಿಯೂ ತುಂಬಿದೆ."